ಚಿನ್ನದ ನಿಬ್ಬಿಗೆ ಕೊಬ್ಬರಿ ಎಣ್ಣೆ

ನನ್ನ ಅಕ್ಷರ ಚೆನ್ನಾಗಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಎತ್ತರ ಎಷ್ಟು, ತೂಕ ಎಷ್ಟು ಎಂದು ಹೇಳುವ ಹಾಗೆ ಹೇಳುತ್ತಿದ್ದೇನೆ. ಇರುವುದನ್ನು ಇಲ್ಲ ಎನ್ನುವುದು ವಿನಯವಲ್ಲ, ಸುಳ್ಳು. ಬನಶಂಕರಿಯಲ್ಲಿ ನಾವು ದಿನಸಿ ತರುವ ಅಂಗಡಿಯವನು ನನ್ನ ಒಂದು ಚೀಟಿಯನ್ನು ಗಲ್ಲಾದ ಹಿಂದಿನ ಗೋಡೆಗೆ, ದೇವರ ಪಟದ ಪಕ್ಕದಲ್ಲೇ ಅಂಟಿಸಿಕೊಂಡಿದ್ದಾನೆ. ತೊಗರಿಬೇಳೆ ಎರಡು ಕೆಜಿ, ಹುಣಸೆಹಣ್ಣು ಅರ್ಧ ಕೆಜಿ, ಪೊರಕೆ ಒಂದು. ಊದುಬತ್ತಿ ಬೆಳಗುವಾಗ ಆ ಚೀಟಿಗೂ ಒಂದಿಷ್ಟು ಹೊಗೆ ಸಲ್ಲುತ್ತದೆ. ನಮ್ಮ ಯಜಮಾನರು ಇದನ್ನು ಒಪ್ಪುವುದಿಲ್ಲ. "ಗೋಡೆ ಅಲ್ಲಿ ಬಿರುಕು ಬಿಟ್ಟಿತ್ತು, ಮುಚ್ಚೋಕೆ ಅಂಟಿಸಿದಾನೆ" ಎನ್ನುತ್ತಾರೆ. ಅವರ ಅಕ್ಷರ ಹೇಗಿದೆ ಎಂದು ನಾನು ಇಲ್ಲಿ ಹೇಳಹೋಗುವುದಿಲ್ಲ. ಅವರ ಸಹಿಯನ್ನು ಬ್ಯಾಂಕಿನವರು ಮೂರು ಸಲ ವಾಪಸು ಕಳಿಸಿದ್ದಾರೆ ಎಂದರೆ ಸಾಕು.

ಅಕ್ಷರದಿಂದಲೇ ಅನ್ನ ತಿಂದವಳು ನಾನು. ಒಂದು ಕಾಲೇಜಿನ ಕಚೇರಿಯಲ್ಲಿ ಪ್ರಮಾಣಪತ್ರಗಳ ಮೇಲೆ ಹೆಸರು ಬರೆಯುವುದು ನನ್ನ ಕೆಲಸವಾಗಿತ್ತು. ಕಂಪ್ಯೂಟರ್ ಬಂದ ಮೇಲೂ ಪ್ರಿನ್ಸಿಪಾಲರು ಬಹುಮಾನದ ಪತ್ರಗಳನ್ನು ನನ್ನಿಂದಲೇ ಬರೆಸುತ್ತಿದ್ದರು. "ಕೂದಲೆಳೆಯಷ್ಟು ತೆಳು ಗೆರೆ ಕಣ್ರೀ ನಿಮ್ಮದು, ಅದು ಹೇಗೆ ಬರುತ್ತೆ ಅಂತೀನಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಅದು ಹೇಗೆ ಬರುತ್ತದೆ ಎಂದು ಆಗ ನನಗೂ ಗೊತ್ತಿರಲಿಲ್ಲ. ಪ್ರತಿಭೆ ಎಂದುಕೊಂಡಿದ್ದೆ.

ಆ ಗೆರೆಗಳನ್ನೆಲ್ಲ ಎಳೆದದ್ದು ಒಂದೇ ಪೆನ್ನು. ಮೊದಲ ಸಂಬಳದಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಕೊಂಡದ್ದು. ಗಟ್ಟಿ ರಬ್ಬರಿನ ಕರಿ ಪೆನ್ನು, ಬಾಳೆಕಾಯಿಯಷ್ಟು ದಪ್ಪ, ಮೂತಿಗೆ ಉಕ್ಕಿನ ಸಾದಾ ನಿಬ್ಬು. ನಿವೃತ್ತಿಯ ದಿನ ನನಗೆ ಒಂದರ ಮೇಲೊಂದು ನಾಲ್ಕು ಶಾಲು ಹೊದಿಸಿದರು. ಮೇ ತಿಂಗಳು. ಬೆವರುತ್ತಾ ಕೂತವಳಿಗೆ, ಇಷ್ಟು ವರ್ಷ ಬರೆದದ್ದು ಪೆನ್ನು, ಅದಕ್ಕೆ ಯಾರೂ ಏನೂ ಕೊಡಲಿಲ್ಲವಲ್ಲ ಅನ್ನಿಸಿತು. ಅಲ್ಲೇ ತೀರ್ಮಾನ ಮಾಡಿದೆ, ಇದಕ್ಕೊಂದು ಚಿನ್ನದ ನಿಬ್ಬು ಹಾಕಿಸಬೇಕು.

ಮನೆಯಲ್ಲಿ ಹೇಳಿದಾಗ ಯಜಮಾನರು, "ಮೂಗುಬೊಟ್ಟು ಕಳೆದು ಎರಡು ವರ್ಷ ಆಯ್ತು, ಅದನ್ನ ಮಾಡಿಸ್ಕೊ ಅಂದ್ರೆ ಪೆನ್ನಿಗೆ ಮೂಗುಬೊಟ್ಟು ಹಾಕಿಸ್ತಾಳಂತೆ" ಎಂದರು. ಅವ್ವ ಮಾತ್ರ, "ಹಾಕಿಸ್ಲಿ ಬಿಡಪ್ಪ, ಅದೂ ದುಡಿದೈತೆ" ಎಂದಳು. ಅವ್ವ ನನ್ನ ತಾಯಿ. ಎಂಬತ್ತು ದಾಟಿದೆ, ನಮ್ಮ ಜೊತೆಯಲ್ಲೇ ಇದ್ದಾಳೆ.

ಅವ್ವನ ಬಗ್ಗೆ ಹೇಳುವುದಾದರೆ ಎಣ್ಣೆಯ ಬಗ್ಗೆ ಹೇಳಬೇಕು. ನಾವು ತಿಪಟೂರಿನ ಕಡೆಯವರು. ಅಪ್ಪನದು ಕೊಬ್ಬರಿ ವ್ಯಾಪಾರ. ನಮ್ಮ ಮನೆಯಲ್ಲಿ ನೀರು ಇಲ್ಲದ ದಿನ ಇತ್ತು, ಕೊಬ್ಬರಿ ಎಣ್ಣೆ ಇಲ್ಲದ ದಿನ ಇರಲಿಲ್ಲ. ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ನನ್ನನ್ನೂ ತಂಗಿ ಗಿರಿಜೆಯನ್ನೂ ಜಗಲಿಯ ಮೇಲೆ ಕೂರಿಸಿ, ಅಂಗೈ ಗುಂಡಿ ಮಾಡಿ ಎಣ್ಣೆ ಸುರಿದುಕೊಂಡು ನೆತ್ತಿಗೆ ತಟ್ಟುತ್ತಿದ್ದಳು. ತಟ್ಟುವುದು ಎಂದರೆ ತಟ್ಟುವುದೇ; ಕಲಿತದ್ದೆಲ್ಲ ಒಳಗೆ ಭದ್ರವಾಗಿ ಕೂರಲಿ ಎನ್ನುವಂತೆ. ಆಮೇಲೆ ಎರಡು ಜಡೆ, ಮೇಲಕ್ಕೆ ಮಡಚಿ ರಿಬ್ಬನ್. ಹಣೆಯ ಮೇಲೆ ಇಳಿದ ಎಣ್ಣೆಯನ್ನು ಸೆರಗಿನಿಂದ ಒರೆಸಿ ಕಳಿಸುತ್ತಿದ್ದಳು. ನಾವು ಬಿಸಿಲಲ್ಲಿ ನಡೆದರೆ ಹೊಳೆಯುತ್ತಿದ್ದೆವು. ನಮ್ಮ ಗ್ರೂಪ್ ಫೋಟೋದಲ್ಲಿ ನಮ್ಮಿಬ್ಬರ ತಲೆಗಳನ್ನು ಇವತ್ತಿಗೂ ದೂರದಿಂದಲೇ ಗುರುತಿಸಬಹುದು.

ಐದನೇ ಕ್ಲಾಸಿಗೆ ಇಂಕ್ ಪೆನ್ನು ಬಂತು. ಇಂಕ್ ಪೆನ್ನು ಹಿಡಿದು ಬೆಳೆದ ನಿಮಗೆ ಒಂದು ವಿಷಯ ನೆನಪಿಸಬೇಕು. ನಿಬ್ಬಿನ ತುದಿಯಲ್ಲಿ ಹೆಚ್ಚಿಗೆ ಇಂಕು ತುಂಬಿಕೊಂಡರೆ ಏನು ಮಾಡುತ್ತಿದ್ದಿರಿ? ಬ್ಲಾಟಿಂಗ್ ಪೇಪರ್ ಎಂದು ಹೇಳಬೇಡಿ. ಅದು ಮೇಷ್ಟ್ರ ಮೇಜಿನ ಮೇಲೆ ಮಾತ್ರ ಇರುತ್ತಿತ್ತು. ಸೀಮೆಸುಣ್ಣದ ಚೂರಿಗೆ ಹೀರಿಸುವವರಿದ್ದರು, ಅಂಗಿಯ ಒಳಮಗ್ಗುಲಿಗೆ ಒರೆಸುವವರಿದ್ದರು. ಉಳಿದವರೆಲ್ಲ ತಲೆಗೆ ಒರೆಸುತ್ತಿದ್ದೆವು. ಕಿವಿಯ ಹಿಂದೆ, ಜಡೆ ಶುರುವಾಗುವ ಕಡೆ, ನಿಬ್ಬನ್ನು ಮೇಲಿನಿಂದ ಕೆಳಕ್ಕೆ ಒಂದು ಸಲ ಎಳೆದರೆ ಮುಗಿಯಿತು. ಕಪ್ಪು ಕೂದಲಲ್ಲಿ ನೀಲಿ ಇಂಕು ಯಾರಿಗೂ ಕಾಣುವುದಿಲ್ಲ. ಸೋಮವಾರ ತಲೆಗೆ ನೀರು ಹಾಕುವಾಗ ಮಾತ್ರ ಗುಟ್ಟು ಹೊರಬೀಳುತ್ತಿತ್ತು. ಬಚ್ಚಲಿನ ಕಲ್ಲಿನ ಮೇಲೆ ಸೀಗೆಯ ನೊರೆಯ ಜೊತೆ ನೀಲಿ ನೀರು ಹರಿಯುತ್ತಿತ್ತು. ಅವ್ವ ಬೆನ್ನಿಗೊಂದು ಕೊಟ್ಟು, "ಇದೇನ್ ತಲೆನೋ, ಮಸಿಕುಡ್ಕೆನೋ?" ಎಂದು ಬೈಯುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡೇ, "ಅಕ್ಷರ ಚೆನ್ನಾಗ್ ಬಂತಲ್ಲವ್ವಾ!" ಎನ್ನುತ್ತಿದ್ದೆ. ವಾರವಾರವೂ ಇದೇ ಪ್ರಶ್ನೆ, ಇದೇ ಉತ್ತರ.

ಸ್ಕೂಲು ಬಿಟ್ಟಿತು, ಊರು ಬಿಟ್ಟಿತು, ಬೆಂಗಳೂರಿಗೆ ಬಂದೆವು. ಆ ಅಭ್ಯಾಸ ಬಿಡಲಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ತಲೆಗೆ ನೀರು ಹಾಕಿಕೊಳ್ಳುವವಳಿಗೆ ಬಚ್ಚಲಲ್ಲಿ ಹರಿದದ್ದು ಕಾಣುತ್ತಲೂ ಇರಲಿಲ್ಲ.

ಇನ್ನು ಲಗ್ನಪತ್ರಿಕೆಯ ವಿಚಾರ. ನಮ್ಮ ಮನೆತನದಲ್ಲಿ ನಿಶ್ಚಿತಾರ್ಥದ ದಿನ ಲಗ್ನಪತ್ರಿಕೆಯನ್ನು ಎಲ್ಲರ ಎದುರಿಗೆ ಕೂತು ಕೈಯಲ್ಲೇ ಬರೆಯಬೇಕು. ಅಯ್ಯನವರು ಹೇಳುತ್ತಾ ಹೋಗುತ್ತಾರೆ, ಒಬ್ಬರು ಬರೆಯುತ್ತಾ ಹೋಗುತ್ತಾರೆ. ಎರಡು ಪ್ರತಿ, ಒಂದು ಹೆಣ್ಣಿನ ಕಡೆಗೆ, ಒಂದು ಗಂಡಿನ ಕಡೆಗೆ. ಇಂಕಿನಲ್ಲೇ ಬರೆಯಬೇಕು. ಕಾಟು ಹೊಡೆಯುವಂತಿಲ್ಲ; ಹೊಡೆದರೆ ಆ ಹಾಳೆ ಆಚೆಗೆ, ಹೊಸ ಹಾಳೆ ಈಚೆಗೆ. ಬರೆಯುವುದು ದೊಡ್ಡಪ್ಪನ ಕೆಲಸವಾಗಿತ್ತು. ಗಿರಿಜೆಯ ನಿಶ್ಚಿತಾರ್ಥದ ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬಂದಿತ್ತು. ಎರಡು ಹಾಳೆ ಕೆಡಿಸಿ, ತಲೆ ಎತ್ತಿ, "ಬರೆಯೋರು ಯಾರಿದೀರಿ?" ಎಂದು ಕೇಳಿದರು. ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದು ಕೂತೆ. ಹೊಸ ಪೆನ್ನು, ಹೊಸ ಕೆಲಸ, ಒಂದೂ ಕಾಟಿಲ್ಲದೆ ಬರೆದು ಮುಗಿಸಿದೆ. ಅಂದಿನಿಂದ ನಮ್ಮ ಕಡೆಯ ಅಷ್ಟೂ ಲಗ್ನಪತ್ರಿಕೆ ನನ್ನದೇ. ಮೂರು ಜಿಲ್ಲೆಯ ಬೀರುಗಳಲ್ಲಿ ನನ್ನ ಅಕ್ಷರ ರೇಷ್ಮೆ ಸೀರೆಗಳ ಕೆಳಗೆ ಭದ್ರವಾಗಿದೆ.

ಈ ವರ್ಷ ಗಿರಿಜೆಯ ಮಗಳು ಸಿಂಧುಗೆ ಗಂಡು ಗೊತ್ತಾಯಿತು. ನಿಶ್ಚಿತಾರ್ಥಕ್ಕೆ ತಿಂಗಳಿದೆ ಎನ್ನುವಾಗ ನಾನು ಚಿನ್ನದ ನಿಬ್ಬಿಗೆ ಹೊರಟೆ. ಅವಳ ಪತ್ರಿಕೆಯೇ ಅದರ ಮೊದಲ ಶುಭಕಾರ್ಯವಾಗಲಿ ಎಂಬ ಆಸೆ.

ನಾಲ್ಕನೇ ಬ್ಲಾಕಿನ ಒಂದು ಮೆಟ್ಟಿಲ ಕೆಳಗೆ ಸೆಲ್ವರಾಜ್ ಕೂರುತ್ತಾರೆ. ಗಡಿಯಾರ ಮತ್ತು ಪೆನ್ನು ರಿಪೇರಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನನ್ನ ಪೆನ್ನು ಬಿಚ್ಚಿದರು. "ಒಳ್ಳೆ ಪೆನ್ನು ಮೇಡಂ. ಆದ್ರೆ ಒಳಗೆಲ್ಲಾ ಏನ್ ಇಷ್ಟು ಜಿಡ್ಡು?" ಎಂದರು. ಹಳೆಯ ಪೆನ್ನು, ಜಿಡ್ಡು ಇರದೆ ಇನ್ನೇನು ಎಂದೆ. ಅವರು ಚಿನ್ನದ ನಿಬ್ಬು ಕೂರಿಸಿ, ಹಳೆಯದನ್ನು ಕಾಗದದಲ್ಲಿ ಮಡಚಿ ಕೊಡಲು ಬಂದರು. "ನೀವೇ ಇಟ್ಕೊಳ್ಳಿ" ಎಂದು ಕೈಯಲ್ಲಾಡಿಸಿದೆ. ಚಿನ್ನ ಬಂದ ಮೇಲೆ ಕಬ್ಬಿಣದ ಗೊಡವೆ ಏಕೆ? ಆ ಗತ್ತು ನೆನೆಸಿಕೊಂಡರೆ ಈಗ ನನಗೇ ನಗು ಬರುತ್ತದೆ.

ಮೊದಲ ದಿನ ಅರ್ಧ ಪುಟ ಬೆಣ್ಣೆಯ ಮೇಲೆ ಬರೆದಂತೆ ಜಾರಿತು. ಮಾರನೆಯ ದಿನದಿಂದ ರಗಳೆ ಶುರು. ನಾಲ್ಕು ಅಕ್ಷರ ಮೂಡಿದರೆ ಐದನೆಯದಕ್ಕೆ ತಲೆಕಟ್ಟು ಇಲ್ಲ, ಆರನೆಯದಕ್ಕೆ ಕೊಂಬು ಇಲ್ಲ. ಚಿನ್ನವೇ ಅಲ್ಲ, ಯಾವುದೋ ಹಿತ್ತಾಳೆ ಕೊಟ್ಟು ಕಳಿಸಿದ್ದಾರೆ ಎಂದು ತೀರ್ಮಾನಿಸಿದೆ. ನಾನು ತೀರ್ಮಾನಗಳಲ್ಲಿ ತಡ ಮಾಡುವವಳಲ್ಲ. ಮೆಟ್ರೊ ಹತ್ತಿ ಹೋಗಿ, ಮೆಟ್ಟಿಲ ಕೆಳಗೆ ನಿಂತು, ಅಕ್ಕಪಕ್ಕದ ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದೆ.

ಸೆಲ್ವರಾಜ್ ಜಗಳಕ್ಕೆ ಬರಲಿಲ್ಲ. ಸ್ಟೂಲು ಒರೆಸಿ ಕೊಟ್ಟರು. "ಕೂತ್ಕೊಳ್ಳಿ ಮೇಡಂ. ನೀವು ಬರೀರಿ, ನಾನ್ ನೋಡ್ತೀನಿ. ಮನೇಲಿ ಹೆಂಗ್ ಬರೀತೀರೋ ಹಂಗೇ."

ನಾನು ಬರೆದೆ. ಎರಡು ಸಾಲು ಆಗಿರಬೇಕು.

"ಸ್ಟಾಪ್ ಸ್ಟಾಪ್! ಈಗ ಏನ್ ಮಾಡಿದ್ರಿ ಮೇಡಂ?"

"ಏನ್ ಮಾಡ್ದೆ? ಬರೆದೆ."

"ಬರೆದಾದ್ಮೇಲೆ?"

ನನ್ನ ಕೈ ಕಿವಿಯ ಹಿಂದೆ ಇತ್ತು. ಪೆನ್ನೂ ಅಲ್ಲೇ ಇತ್ತು. ಅವರು ಅದನ್ನು ಮೆಲ್ಲಗೆ ತೆಗೆದುಕೊಂಡು ನಿಬ್ಬನ್ನು ಮೂಗಿನ ಹತ್ತಿರ ಹಿಡಿದರು.

"ತಲೆಗೆ ಕೊಬ್ರಿ ಎಣ್ಣೆನಾ?"

"ಹೌದು. ಗಾಣದ್ದು" ಎಂದೆ, ಆ ಸ್ಥಿತಿಯಲ್ಲೂ ಸ್ವಲ್ಪ ಹೆಮ್ಮೆಯಿಂದಲೇ.

"ಅದೇ ಅಂದ್ಕೊಂಡೆ. ನಿಬ್ ಚಿನ್ನದ್ದೇ ಮೇಡಂ, ಡೌಟೇ ಬೇಡ. ನಿಬ್ ಮೇಲೆ ಎಣ್ಣೆ ಬಿದ್ರೆ ಇಂಕ್ ಹೆಂಗ್ ಇಳಿಯತ್ತೆ? ನಿಮ್ ಹಳೇ ನಿಬ್ಬು ಎಷ್ಟು ವರ್ಷ ಎಣ್ಣೆ ಕುಡೀತೋ! ಅದಕ್ಕೇ ಅಷ್ಟು ತೆಳ್ಳಗೆ ಬರೀತಿತ್ತು. ಈ ನಿಬ್ಬಿಗೆ ಎರಡೆರಡು ಸಾಲಿಗೆ ಹಿಂಗೆ ಎಣ್ಣೆ ಹಚ್ಚಿದ್ರೆ ಇಂಕೇ ನಿಂತೋಗತ್ತೆ."

ಅವರು ಇದನ್ನು ಸಹಜವಾಗಿ ಹೇಳಿ ಸಾಬೂನು ನೀರಿಗೆ ಕೈ ಹಾಕಿದರು. ನಾನು ಮಾತ್ರ ಸ್ಟೂಲಿನ ಮೇಲೆ ಹಾಗೇ ಕೂತಿದ್ದೆ. ಪ್ರಿನ್ಸಿಪಾಲರ ಕೂದಲೆಳೆ, ಬಹುಮಾನದ ಪತ್ರಗಳು, ಮೂರು ಜಿಲ್ಲೆಯ ಬೀರುಗಳು ಎಲ್ಲ ಕಣ್ಣ ಮುಂದೆ ಬಂದವು. ಇಷ್ಟು ವರ್ಷ ಪ್ರತಿಭೆ ಎಂದು ನಾನು ತಿಳಿದಿದ್ದು ಗಾಣದಲ್ಲಿ ಹಿಂಡಿದ್ದು. ಹಳೆಯ ನಿಬ್ಬು ವಾಪಸು ಕೊಡುತ್ತೀರಾ ಎಂದು ಕೇಳಿದೆ. ಯಾರೋ ಕಾಲೇಜು ಹುಡುಗಿಯ ಪೆನ್ನಿಗೆ ಹಾಕಿ ಕೊಟ್ಟೆ ಎಂದರು. "ಇನ್ಮೇಲೆ ತಲೆಗೆ ಒರೆಸಬೇಡಿ ಮೇಡಂ, ಪ್ರಾಮಿಸ್ ಮಾಡಿ" ಎಂದು ಮೆತ್ತನೆಯ ಬಟ್ಟೆಯ ತುಂಡೊಂದನ್ನೂ ಕೊಟ್ಟರು. ಪ್ರಾಮಿಸ್ ಮಾಡಿದೆ.

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಯಜಮಾನರು ಕಾಫಿ ಲೋಟ ಕೆಳಗಿಟ್ಟು ನಕ್ಕರು. ಅವ್ವ ಇನ್ನೂ ಜೋರಾಗಿ ನಕ್ಕಳು, ಹಲ್ಲಿನ ಸೆಟ್ಟು ತೆಗೆದಿಟ್ಟಿದ್ದನ್ನೂ ಮರೆತು. "ನಾ ಅವಾಗ್ಲೇ ಬಡ್ಕೊಂಡೆ, ಕೇಳಿದ್ಯಾ?" ಎಂದಳು.

ತೊಳೆದ ನಿಬ್ಬು ಈಗ ಧಾರಾಳವಾಗಿ ಇಂಕು ಬಿಡುತ್ತಿತ್ತು. ಅದೇ ಕಷ್ಟವಾಯಿತು. ನನ್ನ ಅಕ್ಷರಗಳೆಲ್ಲ ದಪ್ಪಗಾದವು. ಒತ್ತಿದರೆ ಇನ್ನೂ ಅಗಲ, ಒತ್ತದಿದ್ದರೂ ಅಗಲ. ಒತ್ತಕ್ಷರಗಳು ಮೇಲಿನ ಅಕ್ಷರದ ಮಡಿಲಲ್ಲಿ ಕೂತುಬಿಡುತ್ತಿದ್ದವು. ಯಜಮಾನರು ಹಾಳೆ ನೋಡಿ, "ಪರವಾಗಿಲ್ಲ, ನನ್ ಹಾಗೇ ಮೈ ಕೈ ತುಂಬ್ಕೊಂಡಿವೆ" ಎಂದರು. ನಾನು ಎದೆಗುಂದಲಿಲ್ಲ. ಉಕ್ಕನ್ನು ಪಳಗಿಸಿದವಳಿಗೆ ಚಿನ್ನ ಯಾವ ಲೆಕ್ಕ ಎಂದು ದಿನಕ್ಕೆ ನಾಲ್ಕು ಪುಟ ಅಭ್ಯಾಸ ಮಾಡಿದೆ. ಹೊಸ ಪೆನ್ನಿಗೆ ಹೊಸ ಅಕ್ಷರ, ಅದೂ ಒಂದು ಚೆಂದ ಎಂದು ನನಗೆ ನಾನೇ ಒಪ್ಪಿಸಿಕೊಂಡಿದ್ದೆ.

ಅಷ್ಟರಲ್ಲಿ ಒಂದು ಸಂಜೆ ಸಿಂಧು ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಫೋಲ್ಡರು, ಅದರೊಳಗೆ ಅವಳಮ್ಮನ ಲಗ್ನಪತ್ರಿಕೆ. ನಾನು ಬರೆದ ಮೊದಲನೆಯದು. ನಾಲ್ಕು ಮೂಲೆಯ ಅರಿಶಿನ ಮಾಸಿತ್ತು, ಅಕ್ಷರ ಮಾಸಿರಲಿಲ್ಲ.

"ದೊಡ್ಡಮ್ಮ, ಹುಡುಗನ ಅಕ್ಕ ಪ್ರಿಂಟ್ ಹಾಕ್ಸೋಣ ಅಂತಿದಾರೆ. ನಾನು ಆಗಲ್ಲ ಅಂದೆ. ಅಮ್ಮಂದೂ ನಂದೂ ಒಂದೇ ಫ್ರೇಮಲ್ಲಿ ಪಕ್ಕಪಕ್ಕ ಹಾಕ್ಸ್ಬೇಕು. ಸೇಮ್ ಹ್ಯಾಂಡ್‌ರೈಟಿಂಗು. ನಂಗೆ ಅದೊಂದೇ ಬೇಕಿರೋದು" ಎಂದಳು. ಆಮೇಲೆ ಮೇಜಿನ ಮೇಲಿದ್ದ ನನ್ನ ಅಭ್ಯಾಸದ ಹಾಳೆ ಅವಳ ಕಣ್ಣಿಗೆ ಬಿತ್ತು. ಒಮ್ಮೆ ಅದನ್ನು, ಒಮ್ಮೆ ಫೋಲ್ಡರನ್ನು ನೋಡಿದಳು. "ಇದೂ ಚೆನ್ನಾಗಿದೆ" ಎಂದಳು.

ಆ "ಇದೂ" ನನಗೆ ನಾಟಿತು. ಅವಳು ಎದ್ದು ಹೋದ ಮೇಲೂ ಎರಡು ದಿನ ನಾನು ಪೆನ್ನು ಮುಟ್ಟಲಿಲ್ಲ. ನನಗೆ ಸಂಕಟವಾಗಿತ್ತು. ಆ ಹುಡುಗಿ ಕೇಳಿದ್ದು ಒಡವೆಯಲ್ಲ, ಸೀರೆಯಲ್ಲ, ನನ್ನ ಕೈಬರಹ. ಅದನ್ನೇ ಕೊಡಲಾಗದಿದ್ದರೆ ನಾನು ಎಂಥ ದೊಡ್ಡಮ್ಮ?

ನಿಶ್ಚಿತಾರ್ಥ ಗಿರಿನಗರದಲ್ಲಿ, ಗಿರಿಜೆಯ ಮನೆಯ ಹಾಲಿನಲ್ಲಿ. ಸೋಫಾ ಆಚೆ ಹಾಕಿ ಜಮಖಾನ ಹಾಸಿದ್ದರು. ಅಯ್ಯನವರು ಬಂದರು, ತಟ್ಟೆಗಳು ಬಂದವು, ಹಾಳೆಯ ಮೂಲೆಗಳಿಗೆ ಅರಿಶಿನ ಹಚ್ಚಿದರು. ನಾನು ಮಣೆಯ ಮುಂದೆ ಕೂತೆ. ಅವ್ವ ನನ್ನ ಬಲಗಡೆ, ಪ್ಲಾಸ್ಟಿಕ್ ಕುರ್ಚಿಯಲ್ಲಿ. ರಫ್ ಹಾಳೆಯ ಮೇಲೆ "ಶ್ರೀ" ಎಂದು ಬರೆದು ನೋಡಿದೆ. ಹೊಟ್ಟೆ ತುಂಬಿದ ಶ್ರೀ ಬಂತು. ಇನ್ನೊಂದು ಬರೆದೆ. ಅದೂ ಹಾಗೇ. ಸಿಂಧು ಎದುರಿಗೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು.

ಹುಡುಗನ ಅಕ್ಕ ಒಳ್ಳೆಯ ಹೆಣ್ಣುಮಗಳು, ಸಹಾಯಕ್ಕೇ ಬಂದಳು. "ಆಂಟಿ, ಯಾವುದಕ್ಕೂ ಇರ್ಲಿ ಅಂತ ಪ್ರಿಂಟ್‌ಔಟ್ ತಂದಿದೀನಿ. ಹೆಸರು ಫಿಲ್ ಮಾಡಿದ್ರೆ ಸಾಕು. ಕಷ್ಟ ಪಡ್ಬೇಡಿ" ಎಂದು ಬ್ಯಾಗಿಗೆ ಕೈ ಹಾಕಿದಳು.

ಇನ್ನು ಸೆಲ್ವರಾಜರಿಗೆ ಕೊಟ್ಟ ಮಾತು ನೋಡುತ್ತಾ ಕೂರುವಂತಿರಲಿಲ್ಲ. ಕೈ ಕಿವಿಯ ಹಿಂದಕ್ಕೆ ಹೋಯಿತು. ನಿಬ್ಬನ್ನು ಎಳೆದೆ, ಇನ್ನೊಂದು ಶ್ರೀ ಬರೆದೆ. ದಪ್ಪವೇ. ಆಗ ಹೊಳೆಯಿತು: ಶುಭಕಾರ್ಯವೆಂದು ಬೆಳಿಗ್ಗೆ ಎದ್ದು ತಲೆಗೆ ಸ್ನಾನ ಮಾಡಿದ್ದೆ. ಎರಡು ಸಲ ಸೀಗೆ ಹಾಕಿ ಉಜ್ಜಿದ ಕೂದಲು ತೆಂಗಿನ ನಾರಿನ ಹಾಗೆ ಒಣಗಿತ್ತು. ಒಂದು ತೊಟ್ಟು ಎಣ್ಣೆ ಇರಲಿಲ್ಲ. ಹುಟ್ಟಿದಾಗಿನಿಂದ ಎಣ್ಣೆಯಲ್ಲೇ ಮುಳುಗಿದ್ದ ತಲೆ ಆವತ್ತು, ಬೇಕಾದ ಹೊತ್ತಿಗೆ, ಕೈಕೊಟ್ಟಿತ್ತು.

"ಶುರು ಮಾಡೋಣ್ವಾ ತಾಯಿ?" ಎಂದರು ಅಯ್ಯನವರು. ಪ್ರಿಂಟಾದ ಹಾಳೆ ಬ್ಯಾಗಿನಿಂದ ಅರ್ಧ ಹೊರಗೆ ಬಂದಿತ್ತು.

ಬಲಗಡೆ ಕುರ್ಚಿ ಕಿರುಗುಟ್ಟಿತು. ಅವ್ವ ಮುಂದಕ್ಕೆ ಬಾಗಿದಳು. ಅವ್ವನಿಗೆ ನೆಗಡಿಯ ಭಯ. ಸೋಮವಾರ ಬಿಟ್ಟು ಬೇರೆ ದಿನ ತಲೆಗೆ ನೀರು ಮುಟ್ಟಿಸುವುದಿಲ್ಲ, ನಿಶ್ಚಿತಾರ್ಥವಿರಲಿ ಹಬ್ಬವಿರಲಿ. ಎಣ್ಣೆ ಮಾತ್ರ ದಿನವೂ ಬೇಕು. ಪೂರ್ತಿ ಬೆಳ್ಳಗಾದ, ಬಾಚಿ ಪುಟ್ಟ ತುರುಬು ಕಟ್ಟಿದ, ಟ್ಯೂಬ್‌ಲೈಟಿಗೆ ಹೊಳೆಯುವ ಆ ತಲೆಯನ್ನು ನನ್ನ ಕೈಯ ಹತ್ತಿರಕ್ಕೆ ತಂದಳು.

"ನಂದಕ್ಕೆ ಒರಸ್ಕಳೇ" ಎಂದಳು.

"ಅವ್ವಾ, ಬಿಳಿ ಕೂದಲು. ಫೋಟೋ ತೆಗೀತಾರೆ."

"ತೆಗೀಲಿ. ಮಗು ಕಾಯ್ತೈತೆ. ಒರಸು."

ಒರೆಸಿದೆ. ಕಿವಿಯ ಹಿಂದೆ, ಮೇಲಿನಿಂದ ಕೆಳಕ್ಕೆ, ಒಂದು ಸಲ. ಬಿಳಿಯ ಮೇಲೆ ನೀಲಿ ಗೆರೆ ಮೂಡಿತು. ರಫ್ ಹಾಳೆಗೆ ಕೈ ಹಾಕಲಿಲ್ಲ, ಅರಿಶಿನ ಹಚ್ಚಿದ ಹಾಳೆಯ ಮೇಲೇ ನೇರವಾಗಿ ಬರೆದೆ. ಕೂದಲೆಳೆಯಷ್ಟು ತೆಳುವಾದ ಶ್ರೀ ಬಂತು. ಮೊದಲ ಪತ್ರಿಕೆಯ ಶ್ರೀಯ ಒಡಹುಟ್ಟಿದ್ದೇ. ಅಯ್ಯನವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ನಾಲ್ಕು ಸಾಲಿಗೊಮ್ಮೆ ಕೈ ಬಲಕ್ಕೆ ಹೋಗುತ್ತಿತ್ತು, ಅವ್ವನ ತಲೆ ಎಡಕ್ಕೆ ಬರುತ್ತಿತ್ತು. ಎರಡು ಪ್ರತಿ ಮುಗಿಯಿತು, ಒಂದೂ ಕಾಟು ಇಲ್ಲ. ಹುಡುಗನ ಅಕ್ಕ ಫೋನು ಹಿಡಿದು ವಿಡಿಯೋ ಮಾಡುತ್ತಿದ್ದಳು. ಪ್ರಿಂಟಾದ ಹಾಳೆಯ ಮೇಲೆ ಯಾರೋ ಕಾಫಿ ಲೋಟ ಇಟ್ಟಿದ್ದರು. ಸಿಂಧು ಎರಡು ಪತ್ರಿಕೆಗಳನ್ನು ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಬಂದು ನನ್ನ ಕಾಲಿಗೆ ಬೀಳುವುದು ಬಿಟ್ಟು ಅಜ್ಜಿಯನ್ನು ತಬ್ಬಿಕೊಂಡಳು. ಅದರಲ್ಲಿ ತಪ್ಪೇನೂ ಇಲ್ಲ, ಆದರೂ ಬರೆದದ್ದು ನಾನು ಎಂದು ಇಲ್ಲಿ ದಾಖಲಿಸುತ್ತೇನೆ.

ಸೋಮವಾರ ಅವ್ವನ ತಲೆಗೆ ನೀರು ಹಾಕಲು ಬಚ್ಚಲಲ್ಲಿ ಸ್ಟೂಲು ಇಟ್ಟು ಕೂರಿಸಿದೆ. ಈಗ ಆ ಕೆಲಸ ನನ್ನದು. ತುರುಬು ಬಿಚ್ಚಿ, ಸೀಗೆ ಹಚ್ಚಿ, ಬಿಸಿನೀರಿನ ಒಂದು ಚೊಂಬು ಸುರಿದೆ. ನೊರೆ ಇಳಿಯಿತು, ಅದರ ಜೊತೆ ನೀಲಿ ನೀರು ಇಳಿಯಿತು, ಬಿಳಿ ಟೈಲ್ಸಿನ ಮೇಲೆ ಹರಿದು ತೂತಿನ ಕಡೆ ಹೋಯಿತು. ಎಷ್ಟು ವರ್ಷವಾಗಿತ್ತು ಆ ನೀರು ನೋಡಿ! ಇನ್ನೊಂದು ಚೊಂಬು ತುಂಬಿಕೊಂಡು ಜೋರು ಮಾಡಿದೆ.

"ಇದೇನ್ ತಲೆನೋ, ಮಸಿಕುಡ್ಕೆನೋ?"

ಅವ್ವ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಮುಚ್ಚಿಕೊಂಡೇ ಹೇಳಿದಳು.

"ಅಕ್ಷರ ಚೆನ್ನಾಗ್ ಬಂತಲ್ಲ, ಸುರಿ ನೀರು."